ಸರ್ವರ್ ಫೋಟೊ ಅಳಿಸಿದ ದಿನ

ಬೆಳಗ್ಗೆ ಕಂಪ್ಯೂಟರ್ ತೆರೆದ ಕೂಡಲೇ ಕೆಂಪು ಅಕ್ಷರದಲ್ಲಿ ಒಂದು ಸಾಲು ಕಾಣಿಸಿತು: ಸರ್ವರಿನಲ್ಲಿ ಜಾಗ ಮುಗಿಯುತ್ತಾ ಬಂದಿದೆ. ಬೆಲ್ಲದ ಕಾರ್ಖಾನೆಯ ಕಂಪ್ಯೂಟರ್ ನೋಡಿಕೊಳ್ಳುವ ತೌಸಿಫ್ ಅದನ್ನು ಕಂಡೂ ಕಾಣದವನಂತೆ ಎದ್ದು ಹೋಗಿದ್ದರೆ ಅವನ ಪಾಡಿಗೆ ಅವನು ಚೆನ್ನಾಗಿರುತ್ತಿದ್ದ. ಹೋಗಲಿಲ್ಲ. ಹೋಗಲು ಭಯ.

ಅವತ್ತು ಅವನ ಹೆಂಡತಿ ಅಲ್ಮಾಸಳ ತಂಗಿ ಆಫ್ರೀನಳ ನಿಕಾಹ್. ಶ್ರೀರಂಗಪಟ್ಟಣದ ಶಾದಿ ಮಹಲಿನಲ್ಲಿ, ಮಧ್ಯಾಹ್ನದ ನಮಾಜು ಮುಗಿದ ಮೇಲೆ. ಮಾವ ತೀರಿಕೊಂಡಿದ್ದರು, ಆ ಮನೆಗೆ ಗಂಡುಮಕ್ಕಳಿಲ್ಲ. ನಾಗಮಂಗಲದಿಂದ ಬರುವ ಗಂಡಿನ ಕಡೆಯವರಿಗೆ ಬಾಗಿಲಲ್ಲಿ ಹಾರ ಹಾಕಿ, ಕೈಗೆ ಅತ್ತರು ಹಚ್ಚಿ ಒಳಗೆ ಕರೆಯಬೇಕಾದವನು ಹಿರಿಯ ಅಳಿಯ ತೌಸಿಫ್. ನಿಶ್ಚಿತಾರ್ಥದ ದಿನವೂ ಅವನೇ ಕರೆಯಬೇಕಿತ್ತು. ಅವತ್ತು ಕಾರ್ಖಾನೆಯ ಪ್ರಿಂಟರ್ ಕೆಟ್ಟು ಕೂತಿತು, ಜೀಪು ಬಂದು ಅವನನ್ನು ಅರ್ಧ ದಾರಿಯಿಂದ ಎತ್ತಿಕೊಂಡು ಹೋಯಿತು. ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲದ್ದು ಕಂಡು ಗಂಡಿನ ತಂದೆ, ಲಾರಿ ಮಾಲೀಕ ಶಹಾಬುದ್ದೀನ್ ಸಾಹೇಬರು, ಅಂಗಳದಲ್ಲೇ ಮುಖ ದಪ್ಪ ಮಾಡಿಕೊಂಡು ನಿಂತುಬಿಟ್ಟಿದ್ದರಂತೆ. ತೌಸಿಫನ ಮುಖವನ್ನು ಅವರು ಇವತ್ತಿನವರೆಗೂ ನೋಡಿಲ್ಲ.

“ಬೇಟಾ, ಈ ಸಲಾನೂ ಬಾಗ್ಲಲ್ಲಿ ನೀನಿಲ್ಲ ಅಂದ್ರೆ, ನಮ್ಮನೆ ಬಾಗ್ಲು ನಿನಗೆ ಮತ್ತೆ ತೆಗೆಯಲ್ಲ” ಎಂದು ಅತ್ತೆ ರೆಹಮತುನ್ನೀಸಾ ನೆನ್ನೆ ಹೇಳಿದ್ದರು. ಬಹಳ ಪ್ರೀತಿಯಿಂದ ಹೇಳಿದ್ದರು. ಅದಕ್ಕೇ ಅವನಿಗೆ ನಿದ್ದೆ ಬಂದಿರಲಿಲ್ಲ.

ಆದ್ದರಿಂದ ತೌಸಿಫ್ ಹೊಸ ಬಿಳಿ ಜುಬ್ಬ ಹಾಕಿಕೊಂಡೇ ಕಾರ್ಖಾನೆಗೆ ಬಂದಿದ್ದ. ಎಲ್ಲಾ ಸರಿಯಾಗಿದೆಯೇ ಅಂತ ಒಂದು ಕಣ್ಣು ಹಾಯಿಸುವುದು, ಹೊರಡುವುದು. ಈಗ ಈ ಕೆಂಪು ಸಾಲು. ಜಾಗ ಮುಗಿದು ಮೆಷಿನ್ ನಿಂತರೆ ಮತ್ತೆ ಜೀಪು ಬರುತ್ತದೆ, ಮದುವೆ ಮನೆಯಿಂದಲೇ ಎತ್ತಿಕೊಂಡು ಹೋಗುತ್ತದೆ. ಇರುವ ಹಳೇ ಫೋಟೊಗಳನ್ನು ಅಳಿಸಿದರೆ ಜಾಗ ಬಿಡುಗಡೆಯಾಗುತ್ತದೆ. ಅಳಿಸುವುದು ಎಷ್ಟು ಹೊತ್ತಿನ ಕೆಲಸ?

ಈ ಫೋಟೊಗಳ ವಿಷಯ ಸ್ವಲ್ಪ ಹೇಳಬೇಕು.

ಕರಿಯಪ್ಪನವರ ಬೆಲ್ಲದ ಕಾರ್ಖಾನೆ ಪಾಂಡವಪುರದಾಚೆ, ನಾಗಮಂಗಲದ ರಸ್ತೆ ಬದಿಯಲ್ಲಿ. ಅಲ್ಲೊಂದು ಎ.ಸಿ. ಕೋಣೆ, ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಸರ್ವರ್. ಆ ಒಂದೇ ಪೆಟ್ಟಿಗೆಯ ಹೊಟ್ಟೆಯೊಳಗೆ ಮೂರು ವರ್ಚುವಲ್ ಮೆಷಿನ್. ಅಂದರೆ ಕಣ್ಣಿಗೆ ಕಾಣದಿದ್ದರೂ ಬೇರೆ ಬೇರೆ ಕಂಪ್ಯೂಟರಿನಂತೆ ಕೆಲಸ ಮಾಡುವ ಮೂರು ಜೀವ: ಒಂದು ಕಬ್ಬಿನ ಗಾಡಿ ತೂಗಿ ಚೀಟಿ ಕೊಡುವುದಕ್ಕೆ, ಒಂದು ಲೆಕ್ಕಕ್ಕೆ, ಒಂದು ಆಳುಗಳ ಹಾಜರಿಗೆ. “ಒಂದ್ ಎಮ್ಮೆ ತಂದು ಮೂರ್ ಎಮ್ಮೆ ಹಾಲು ಕರೀತಾ ಇವ್ನಿ” ಎಂದು ಕರಿಯಪ್ಪ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಸರ್ವರ್ ಕೂರಿಸಿದ ದಿನ ಮೈಸೂರಿನ ಎಂಜಿನಿಯರ್ ರಾಹುಲ್ ಒಂದು ಮಾತು ಹೇಳಿದ್ದ: “ಹೊಸದು ಏನೇ ಶುರು ಮಾಡೋ ಮುಂಚೆ ಒಂದು ಸ್ನ್ಯಾಪ್‌ಶಾಟ್ ತಗೊಳ್ಳಿ. ಅಂದ್ರೆ ಮೆಷಿನ್ ಇರೋ ಸ್ಥಿತೀದು ಒಂದು ಫೋಟೊ ಇದ್ದಂಗೆ. ಏನಾದ್ರೂ ಕೆಟ್ರೆ ಅಲ್ಲಿಗೇ ವಾಪಸ್ ಬರಬಹುದು.” ಎರಡು ದಿನ ನೋಡಿ ಅದನ್ನು ತೆಗೆದುಬಿಡಬೇಕು ಅಂತಲೂ ಹೇಳಿದ್ದ. ಅಷ್ಟರಲ್ಲಿ ಕರಿಯಪ್ಪ ತೆಂಗಿನಕಾಯಿ ಒಡೆಯಲು ಎದ್ದು ಹೋಗಿದ್ದರು.

ಹೊಸದು ಶುರು ಮಾಡುವ ಮುಂಚೆ ಅಂದರೆ ಅವರ ತಲೆಯಲ್ಲಿ ಪೂಜೆಯೇ. ಆಯುಧಪೂಜೆಗೆ ಸರ್ವರಿಗೆ ಅರಿಶಿನ ಕುಂಕುಮ ಇಟ್ಟು ಒಂದು ಫೋಟೊ. ಬಾಯ್ಲರ್ ಪೂಜೆಗೊಂದು. ಕಬ್ಬು ಅರೆಯಲು ಶುರುಮಾಡಿದ ದಿನ ಒಂದು, ಸಂಕ್ರಾಂತಿಗೊಂದು, ಯುಗಾದಿಗೊಂದು. ಪ್ರತಿಯೊಂದಕ್ಕೂ ಹಬ್ಬದ ಹೆಸರನ್ನೇ ಬರೆಸುತ್ತಿದ್ದರು. ಪೂಜೆಯ ದಿನ ತೆಗೆದದ್ದನ್ನು ಅಳಿಸುವುದೆಂದರೆ ಹಚ್ಚಿದ ದೀಪವನ್ನು ಬಾಯಲ್ಲಿ ಊದಿದಂತೆ, ಯಾರೂ ಮುಟ್ಟಲಿಲ್ಲ. ತೌಸಿಫ್ ಇವತ್ತು ಯಜಮಾನರು ಬರುವ ಮುಂಚೆ ‘ಎಲ್ಲವನ್ನೂ ಅಳಿಸು’ ಎಂಬುದನ್ನು ಒತ್ತಿ, ಜುಬ್ಬದ ಮಡಿಕೆ ಸರಿಮಾಡಿಕೊಂಡು ಎದ್ದ.

ಪರದೆಯ ಮೇಲೆ ಒಂದು ಹಸಿರು ಪಟ್ಟಿ ಸರಸರ ಓಡಿತು. ಓಡಿ, ಒಂದು ಕಡೆ ನಿಂತಿತು. ಮಾವನ ಮನೆಗೆ ಬಂದ ಹೊಸ ಅಳಿಯನಂತೆ ಅಲ್ಲೇ ಕೂತುಬಿಟ್ಟಿತು.

ತೌಸಿಫ್ ಬಾಗಿಲು ದಾಟುವ ಮುಂಚೆಯೇ ಗಾಡಿ ತೂಗುವ ವೇಬ್ರಿಡ್ಜಿನ ಚಿಕ್ಕಮಾದಯ್ಯ ಓಡಿಬಂದ. “ಏನಪ್ಪಾ ತೌಸಿಪ್ಪು, ಏನ್ ಮಾಡ್ದೆ? ಚೀಟಿ ಬತ್ತಾನೇ ಇಲ್ಲ! ಸೀನಿದಂಗೆ ಬರ್ತಿತ್ತು, ಈಗ ಚೊಚ್ಚಲ ಬಾಣಂತಿ ತರ ನರಳ್ತಾ ಐತೆ ಪ್ರಿಂಟ್ರು.”

“ಪ್ರಿಂಟರ್ ಸರೀಗೈತೆ ಮಾದಯ್ಯಣ್ಣ. ಸ್ವಲ್ಪ ತಡೆ.”

“ತಡೆ ಅಂತ ನಂಗ್ ಯೋಳ್ಬೇಡ. ಅಲ್ಲಿ ಟ್ರಾಕ್ಟರು ನಿಂತವಲ್ಲ, ಅವುಕ್ ಯೋಳು.”

ತೌಸಿಫ್ ವಾಪಸ್ಸು ಬಂದು ನೋಡಿದ. ಅವನ ಕಣ್ಣೇ ಮೋಸ ಮಾಡುತ್ತಿರಬೇಕು. ಅಳಿಸಿದರೆ ಜಾಗ ಹೆಚ್ಚಾಗಬೇಕಲ್ಲ? ಕಡಿಮೆಯಾಗುತ್ತಿತ್ತು! ಕಸ ಗುಡಿಸುತ್ತಾ ಗುಡಿಸುತ್ತಾ ಮನೆ ತುಂಬಾ ಕಸವಾದಂತೆ. ಒಂದು ಸಲ ಕಣ್ಣುಜ್ಜಿಕೊಂಡ, ಇನ್ನೊಂದು ಸಲ ಪರದೆ ಒರೆಸಿದ. ಮತ್ತಷ್ಟು ಕಡಿಮೆಯಾಯಿತು. ಬೆವರಿ ರಾಹುಲ್‌ಗೆ ಫೋನು ಮಾಡಿದ.

“ಎಷ್ಟು ಸ್ನ್ಯಾಪ್‌ಶಾಟ್ ಇತ್ತು ಸಾರ್?” ಎಂದ ರಾಹುಲ್.

“ಇದ್ವು... ಹಬ್ಬಕ್ಕೊಂದು.”

“ಹಬ್ಬಕ್ಕಾ? ಯಾವ ಹಬ್ಬಕ್ಕೆ?”

“ಎಲ್ಲಾ ಹಬ್ಬಕ್ಕೂ.”

ರಾಹುಲ್ ಸಾವಿನ ಮನೆಯಲ್ಲಿ ಮಾತಾಡುವಂತೆ ಮಾತಾಡಿದ. “ಸಾರ್, ಫೋಟೊ ಅಂತ ನಾನು ಸುಮ್ನೆ ಅರ್ಥ ಆಗ್ಲಿ ಅಂತ ಹೇಳಿದ್ದು. ಅದನ್ನ ತಗೊಂಡ ಗಳಿಗೆಯಿಂದ ಮೆಷಿನ್ನು ಹಳೇ ಡಿಸ್ಕಲ್ಲಿ ಬರೆಯಲ್ಲ. ಹೊಸದೆಲ್ಲ ಬೇರೆ ಕಡೆ ಬರ್ಕೊಳ್ಳುತ್ತೆ. ಇನ್ನೊಂದು ತಗೊಂಡ್ರೆ ಇನ್ನೂ ಬೇರೆ ಕಡೆ. ಡಿಲೀಟ್ ಕೊಟ್ರೆ ಅದನ್ನೆಲ್ಲ ಹಳೇದರೊಳಗೆ ತುಂಬಿ ಒಂದು ಮಾಡ್ಬೇಕು. ಅದು ಮುಗಿಯೋ ತನಕ ಮೆಷಿನ್ ತೆವಳುತ್ತೆ.”

ತೌಸಿಫನಿಗೆ ನಿಧಾನವಾಗಿ ಹೊಳೆಯಿತು. “ಅಂದ್ರೆ, ಅಣ್ಣತಮ್ಮಂದ್ರು ಬೇರೆಯಾಗಿ ಬೇರೆ ಬೇರೆ ಒಲೆ ಹೂಡಿದ್ರು. ಈಗ ಎಲ್ಲಾರ್ನೂ ಒಂದೇ ಒಲೆಗೆ ಎಳ್ಕಂಡ್ ಬರ್ತಾ ಇದೀನಿ ಅನ್ನಿ.”

“ಹ್ಞೂಂ. ಅದೂ ಊಟದ ಹೊತ್ತಲ್ಲಿ.”

“ಹಂಗಾರೆ ನಿಲ್ಲಿಸಿಬಿಡ್ಲಾ?”

“ಅಯ್ಯೋ ಬೇಡಿ! ಮಧ್ಯದಲ್ಲಿ ಪವರ್ ಹೋದ್ರೆ ಹಳೇದೂ ಇರಲ್ಲ, ಹೊಸದೂ ಇರಲ್ಲ. ಯಾರನ್ನೂ ಸ್ವಿಚ್ ಹತ್ರ ಬಿಡ್ಬೇಡಿ.”

“ಎಷ್ಟೊತ್ತಾಗುತ್ತೆ? ನಂದು ಮದ್ವೆ ಐತೆ ಕಣ್ರೀ.”

“ಎರಡನೇದಾ ಸಾರ್?” ಎಂದ ರಾಹುಲ್. ಹೊತ್ತು ಎಷ್ಟಾಗುತ್ತೆ ಅಂತ ಮಾತ್ರ ಹೇಳಲಿಲ್ಲ, ಅದು ಯಾರಿಗೂ ಗೊತ್ತಾಗಲ್ಲವಂತೆ. ಅಂಥದ್ದೊಂದು ಯಂತ್ರ ಕಟ್ಟಿದವನಿಗೆ ನಾಲ್ಕು ಬಾರಿಸಬೇಕು ಅಂತ ತೌಸಿಫನಿಗೆ ಅನ್ನಿಸಿತು. ಆದರೆ ಅವನು ಯಾವ ದೇಶದಲ್ಲಿದ್ದಾನೋ.

ಅಷ್ಟರಲ್ಲಿ ಕರಿಯಪ್ಪ ಬಂದರು. ಗೇಟಿನಲ್ಲಿ ಟ್ರಾಕ್ಟರುಗಳ ಸಾಲು ಕಂಡೇ ಅವರ ಮೀಸೆ ಎದ್ದು ನಿಂತಿತ್ತು. ಅವರ ಹಿಂದೆ ದಪ್ಪ ಕನ್ನಡಕದ ಅಕೌಂಟೆಂಟ್ ರಘುನಂದನ್. ಕರೆಯದಿದ್ದ ಕಡೆಗೆ ಮೊದಲು ಬರುವ ಮನುಷ್ಯ ಅವನು. ಪರದೆ ಓದಿ ಅವನೇ ಯಜಮಾನರಿಗೆ ಊದಿದ: “ಸಾರ್, ಆಯುಧಪೂಜೆ ಫೋಟೊ ಅಳಿಸ್ತಾ ಇದಾರೆ.”

“ಏನ್ಲಾ? ಆಯುದಪೂಜೆದಾ?”

“ಅಳಿಸ್ತಾ ಇಲ್ಲ ಯಜಮಾನ್ರೇ, ಸೇರಿಸ್ತಾ ಇದೀನಿ.”

“ಯಾವುದ್ಕೆ ಸೇರಿಸ್ತಾ ಇದೀಯ?”

“ಅದರ ಹಿಂದಿನದ್ಕೆ. ಎಲ್ಲಾ ಹಿಂದಕ್ಕೆ ಹೋಗಿ ಮೊದಲ್ನೇ ಡಿಸ್ಕಿಗೆ ಸೇರ್ತದೆ.”

“ಮೊದಲ್ನೇದು ಅಂದ್ರೆ? ಪೂಜೆ ಇಲ್ದಿದ್ ಕಾಲದ್ದಾ? ನನ್ ಕಾರ್ಖಾನೇನ ಪೂಜೆ ಇಲ್ದಿದ್ ಕಾಲಕ್ಕೆ ತಕ್ಕಂಡ್ ಓಯ್ತಾ ಇದೀಯೇನ್ಲಾ?”

“ಇಲ್ಲ ಯಜಮಾನ್ರೇ, ಹೊಸದನ್ನ ಹಳೇದರೊಳಕ್ಕೆ ತರ್ತಾ ಇರೋದು.”

“ಅಂಗಾರೆ ಹಳೇದು ಎಲ್ಲಿಗೋಯ್ತದೆ?”

ಹಳೇದು ಎಲ್ಲಿಗೆ ಹೋಗುತ್ತದೆ? ತೌಸಿಫ್ ಬಾಯಿ ತೆರೆದ. ಈಗ ತಾನೇ ಅರ್ಥವಾಗಿದ್ದದ್ದು ಬಾಯಿಂದ ಬಿದ್ದು ಎಲ್ಲೋ ಉರುಳಿಹೋಗಿತ್ತು. “ಅಲ್ಲೇ ಇರ್ತದೆ” ಎಂದ.

“ಅಲ್ಲೇ ಇರೋದಾದ್ರೆ ಯಾಕ್ಲಾ ಮುಟ್ಟಕ್ಕೋದೆ?”

ಕರಿಯಪ್ಪ ಒಂದು ನಿಂಬೆಹಣ್ಣು ತರಿಸಿ ಸರ್ವರಿನ ಮುಂದೆ ಇಟ್ಟರು. “ಮಾದಯ್ಯಾ, ಅಲ್ಲೀಗಂಟ ಕೈಚೀಟಿ ಬರ್ದು ಗಾಡಿ ಬುಡ್ಲಾ” ಎಂದರು.

“ಯಾರ್ ಗಾಡಿ ಬುಡೋದು? ಯಾರ್ದು ಕೈಚೀಟಿ?” ಎನ್ನುತ್ತಾ ಸಿಂಧಘಟ್ಟದ ಚಿಕ್ಕಬೋರಮ್ಮ ಸೀದಾ ಒಳಗೆ ಬಂದಳು. ಸ್ವಂತ ಟ್ರಾಕ್ಟರಿನ ಕಬ್ಬಿನ ಹೊರೆಯ ಮೇಲೆ ಕೂತು ಬಂದಿದ್ದ ಮುದುಕಿ, ತಲೆತುಂಬ ಸೋಗೆ. “ಓದ್ ವರ್ಸ ಕೈಚೀಟೀಲಿ ನಂದೊಂದ್ ಸೊನ್ನೆ ಎಲ್ಲಿಗೋಯ್ತು ಅಂತ ಇವತ್ತಿಗೂ ಗೊತ್ತಿಲ್ಲ ಕಣ್ ಕರಿಯಪ್ಪ. ಕಂಪೂಟ್ರು ಚೀಟಿ ಕೊಡೋಗಂಟ ಒಬ್ರೂ ಗಾಡಿ ಕದಲ್ಸಾಕಿಲ್ಲ. ಅಲ್ಲಿ ಬಿಸ್ಲಲ್ಲಿ ನನ್ ಕಬ್ಬು ಒಣಗಿ ಪೊರಕೆ ಆಯ್ತಾ ಐತೆ, ಇಲ್ಲಿ ಗೌಡ ನಿಂಬೆಹಣ್ ಆಟ ಆಡ್ತಾ ಅವ್ನೆ.” ಆಮೇಲೆ ಅವಳಿಗೆ ಎ.ಸಿ. ಗಾಳಿ ತಾಗಿತು. “ಅಯ್ಯೋ ನನ್ನಪ್ಪ! ಏನ್ ತಂಪೈತ್ಲಾ ಇಲ್ಲಿ!” ಎಂದು ಅಲ್ಲೇ ಗೋಡೆಗೆ ಒರಗಿ ಕಾಲು ಚಾಚಿದಳು.

ಈ ಸುದ್ದಿ ಹೊರಗೆ ಹೋದದ್ದೇ ತಡ, ಗಾಡಿಯವರು ಒಬ್ಬೊಬ್ಬರಾಗಿ ‘ಚೀಟಿ ಏನಾಯ್ತು ನೋಡ್ತೀವಿ’ ಎಂದು ಒಳಗೆ ಬಂದು ಕೂತರು. ಬೀಡಿ ವಾಸನೆ, ಕಬ್ಬಿನ ರಸದ ವಾಸನೆ, ಬೆವರು. ಕೋಣೆ ತುಂಬಿ ಎ.ಸಿ. ಸೋತಿತು. ಸರ್ವರಿನ ಫ್ಯಾನುಗಳು ಜೇನುಗೂಡಿಗೆ ಕಲ್ಲು ಬಿದ್ದಂತೆ ಭೊರ್ರೆಂದವು.

“ಬಿಸಿಯಾಗಿದೆ ರೀ. ಅದಕ್ಕೇ ನಿಧಾನ” ಎಂದ ರಘುನಂದನ್. ಯಾರೂ ಕೇಳದಿದ್ದರೂ ಒದ್ದೆ ಗೋಣಿಚೀಲ ತಂದು ಸರ್ವರಿಗೆ ಹೊದಿಸಲು ಹೋದ. ತೌಸಿಫ್ ಹಾರಿ ಕಿತ್ತುಕೊಂಡ. ಗೋಣಿಚೀಲದ ಕಂದು ನೀರು ಬಿಳಿ ಜುಬ್ಬದ ಎದೆಯ ಮೇಲೆ ಕರ್ನಾಟಕದ ನಕ್ಷೆ ಬರೆಯಿತು.

ಆಗ ಅಲ್ಮಾಸಳ ಫೋನು. “ಅಜೀ, ಎಲ್ಲಿದೀರಿ? ಗಂಡಿನೋರು ನಾಗಮಂಗಲ ಬಿಟ್ಟು ಆಗ್ಲೇ ಹೊತ್ತಾಯ್ತಂತೆ! ಅಮ್ಮಿ ನಿಮ್ಮ ಹೆಸರೂ ಎತ್ತುತಾ ಇಲ್ಲ. ಹೆಸರು ಎತ್ತದೇ ಇದ್ರೆ ಏನರ್ಥ ಗೊತ್ತಲ್ಲ?”

“ಹೊರಟೆ. ಗಾಡಿ ಮೇಲಿದೀನಿ.”

ಹಿಂದಿನಿಂದ ಚಿಕ್ಕಬೋರಮ್ಮ, “ಲೇ ಸಾಬಣ್ಣ, ಸುಳ್ ಯಾಕ್ಲಾ ಯೋಳೀಯೆ, ನಿಂತೇ ಇದೀಯಲ್ಲ!” ಎಂದಳು. ಫೋನು ಟಕ್ಕೆಂದು ಕಟ್ಟಾಯಿತು.

ಪಟ್ಟಿ ಇನ್ನೂ ಅಲ್ಲೇ ಇತ್ತು. ಹೋಗಿಬಿಡೋಣ ಅಂದರೆ ಹೋಗುವ ಹಾಗೂ ಇರಲಿಲ್ಲ. ಏಕೆಂದರೆ ರಘುನಂದನ್ ಈಗ ಸ್ವಿಚ್‌ಬೋರ್ಡಿನ ಕಡೆ ನೋಡುತ್ತಿದ್ದ.

“ನಮ್ಮನೆ ಟಿ.ವಿ. ಹೀಗೇ ಆಡಿದ್ರೆ ನಾನು ಏನ್ಮಾಡ್ತೀನಿ ಗೊತ್ತಾ ಸಾರ್? ಪ್ಲಗ್ ಕಿತ್ತು ಹಾಕ್ತೀನಿ. ತಣ್ಣಗೆ ಶುರುವಾಗತ್ತೆ.”

“ಕಿತ್ ನೋಡೇ ಬುಡು ಮತ್ತೆ” ಎಂದರು ಕರಿಯಪ್ಪ.

“ಬ್ಯಾಡಿ ಯಜಮಾನ್ರೇ!” ತೌಸಿಫ್ ಒಂದೇ ನೆಗೆತಕ್ಕೆ ಸ್ವಿಚ್‌ಬೋರ್ಡಿಗೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ಬಾವಲಿಯಂತೆ ಅಂಟಿಕೊಂಡ. “ಕಿತ್ರೆ ಹಂಗಾಮಿನ ತೂಕವೆಲ್ಲ ಹೋಗ್ತದೆ. ಈ ಅಜ್ಜೀದೂ ಹೋಗ್ತದೆ.”

“ನಂದು ಓಯ್ತದಾ?” ಚಿಕ್ಕಬೋರಮ್ಮ ಎದ್ದು ಬಂದು ರಘುನಂದನನ ಅಂಗಿಯ ಹಿಂಭಾಗ ಹಿಡಿದಳು. “ಲೇ ಕನ್ನಡಕ, ಆ ಗೋಡೆ ಮುಟ್ಟಿದ್ರೆ ಕೈ ಮುರೀತೀನಿ.” ಮುದುಕಿ ಆ ಅಂಗಿಯನ್ನು ಮತ್ತೆ ಬಿಡಲೇ ಇಲ್ಲ.

ಹೀಗೆ ಒಬ್ಬ ಗೋಡೆಗೆ, ಒಬ್ಬ ಮುದುಕಿಯ ಕೈಗೆ ಸಿಕ್ಕಿಕೊಂಡು ಬಹಳ ಹೊತ್ತು ಕಳೆಯಿತು. ಚಿಕ್ಕಮಾದಯ್ಯ ಆಗಾಗ ಬಂದು ವರದಿ ಕೊಡುತ್ತಿದ್ದ: ಗಾಡಿಸಾಲು ಗೇಟು ದಾಟಿತು, ರಸ್ತೆಗೆ ಬಂತು, ರಸ್ತೆಯಲ್ಲಿ ಎರಡು ಸಾಲಾಯಿತು, ಬಸ್ಸು ಲಾರಿ ಎಲ್ಲಾ ನಿಂತವು. ಕರಿಯಪ್ಪ ಕೊನೆಗೆ ಪಂಚೆ ಎತ್ತಿಕಟ್ಟಿ, “ನಾಳೆ ಬೆಳಗ್ಗೆ ನಿನ್ನ ವಿಚಾರಿಸ್ಕತೀನಿ” ಎಂದು ತೌಸಿಫನಿಗೆ ಹೇಳಿ ರಸ್ತೆಗೆ ಹೋದರು.

ಮಧ್ಯಾಹ್ನದ ನಮಾಜಿನ ಹೊತ್ತು ಬಂದು ಹೋಯಿತು. ತೌಸಿಫ್ ಗೋಡೆಗೆ ಅಂಟಿಕೊಂಡೇ ಮನಸ್ಸಿನಲ್ಲಿ ಮಾವನ ಮನೆಗೆ ವಿದಾಯ ಹೇಳುತ್ತಿದ್ದ. ಆಗ ಮತ್ತೆ ಅಲ್ಮಾಸ್. ಅವಳ ದನಿ ಬೇರೆಯಾಗಿತ್ತು.

“ಅಜೀ, ಗಂಡಿನೋರು ಇನ್ನೂ ಬಂದಿಲ್ಲ! ಫೋನೂ ಎತ್ತುತಾ ಇಲ್ಲ. ಏನಾಯ್ತೋ ಏನೋ ಅಂತ ಅಮ್ಮಿ ಅಳ್ತಾ ಕೂತವ್ರೆ.”

“ಅಲ್‌ಹಮ್ದುಲಿಲ್ಲಾಹ್!” ಎಂದು ತೌಸಿಫ್ ದೇವರನ್ನು ಕೊಂಡಾಡಿದ.

“ಏನಂದ್ರಿ?”

“ಏನೂ ಇಲ್ಲ. ಬಂದೇಬಿಟ್ಟೆ.”

ಆದರೆ ಬರುವುದು ಹೇಗೆ? ಅವನು ಪಟ್ಟಿಯನ್ನು ನೋಡಿದ, ಪಟ್ಟಿ ಅವನನ್ನು ನೋಡಿತು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಭಾರಿ ಗದ್ದಲ ಎದ್ದಿತು. ಹಾರನ್ನು, ಕೂಗು, ಯಾರೋ ತಗಡು ಗುದ್ದುತ್ತಿದ್ದ ಸದ್ದು. “ಜಗಳ ಕಣ್ರಲಾ, ಜಗಳ! ಯಜಮಾನ್ರಿಗೇ ಬಯ್ತಾವ್ರೆ!” ಎಂದು ಚಿಕ್ಕಮಾದಯ್ಯ ವೇಬ್ರಿಡ್ಜು ಬಿಟ್ಟು ಓಡಿದ. ಅಷ್ಟು ಸಾಕಾಯಿತು. ಎ.ಸಿ. ಎಷ್ಟೇ ತಂಪಿದ್ದರೂ ಜಗಳದ ರುಚಿ ಅದಕ್ಕಿಲ್ಲ. ಕೋಣೆ ಒಂದೇ ಗಳಿಗೆಯಲ್ಲಿ ಖಾಲಿ. ಚಿಕ್ಕಬೋರಮ್ಮ ರಘುನಂದನನನ್ನು ಕರುವಿನಂತೆ ಎಳೆದುಕೊಂಡೇ ಹೋದಳು. ಲೆಕ್ಕದ ಕೋಣೆಯವರೂ ಹೋದರು, ಹಾಜರಿಯವನೂ ಹೋದ.

ಕಾರ್ಖಾನೆಯಲ್ಲಿ ಒಬ್ಬನೂ ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ಬರೆಯುವವರಿಲ್ಲ, ಕೇಳುವವರಿಲ್ಲ. ಹಸಿರು ಪಟ್ಟಿ ಮಿಸುಕಾಡಿತು. ಒಂದು ಕಾಳು ಮುಂದೆ ಹೋಯಿತು. ಇನ್ನೊಂದು ಕಾಳು. ಆಮೇಲೆ ಹಗ್ಗ ಬಿಚ್ಚಿದ ಹೋರಿಯಂತೆ ನುಗ್ಗಿ ಕೊನೆ ಮುಟ್ಟಿತು. ಮುಗಿಯಿತು! ಅಳಿದುಹೋದ ಹಬ್ಬಗಳ ಜಾಗವೆಲ್ಲ ಖಾಲಿ ಬಯಲಾಗಿ ಬಿದ್ದಿತ್ತು. ಪಕ್ಕದ ಕೋಣೆಯಲ್ಲಿ ಪ್ರಿಂಟರು ಉಳಿದಿದ್ದ ಚೀಟಿಗಳನ್ನು ತಾನೇ ತಾನಾಗಿ ಟಪಟಪ ಉಗುಳತೊಡಗಿತು.

“ಯಾ ಅಲ್ಲಾಹ್, ಹೊರಗೆ ಜಗಳ ಆಡ್ತಾ ಇರೋ ಆ ಪುಣ್ಯಾತ್ಮ ಯಾರೇ ಆಗಿರ್ಲಿ, ಅವನ ಮನೆ ತಣ್ಣಗಿರ್ಲಿ” ಎಂದು ತೌಸಿಫ್ ಹರಸಿದ. ಮುಂದಿನ ಗೇಟಿನ ಗೋಜಿಗೆ ಹೋಗದೆ, ಹಿಂದಿನ ಗೇಟಿನಿಂದ ಸ್ಕೂಟರ್ ತೆಗೆದು ನಾಲೆ ಏರಿಯ ಮೇಲೆ ಪಾಂಡವಪುರಕ್ಕೆ ಬಿಟ್ಟ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಅವನ ಸ್ಕೂಟರು ಹಿಂದೆಂದೂ ಹಾಗೆ ಓಡಿರಲಿಲ್ಲ, ಮುಂದೆಯೂ ಓಡುವುದಿಲ್ಲ.

ಶಾದಿ ಮಹಲಿನ ಬಾಗಿಲಲ್ಲಿ ಅಲ್ಮಾಸ್ ಅವನ ಜುಬ್ಬ ನೋಡಿ ಬಾಯಿ ಮುಚ್ಚಿಕೊಂಡಳು. ಅತ್ತೆ ಒಂದು ಜರಿ ಶಲ್ಯ ತಂದು ಆ ಕರ್ನಾಟಕದ ನಕ್ಷೆಯ ಮೇಲೆ ಹೊದಿಸಿದರು. “ಬಂದ್ಯಲ್ಲ ಬೇಟಾ” ಎಂದರು, ಅಷ್ಟೇ. ಒಂದು ಕೈಯಲ್ಲಿ ಹಾರ, ಇನ್ನೊಂದು ಕೈಯಲ್ಲಿ ಅತ್ತರಿನ ಸೀಸೆ ಹಿಡಿದು ತೌಸಿಫ್ ನಿಂತದ್ದಕ್ಕೂ, ಹೂವು ಕಟ್ಟಿದ ಬಸ್ಸು ಬೀದಿಗೆ ತಿರುಗಿದ್ದಕ್ಕೂ ಸರಿಹೋಯಿತು. ಇದಕ್ಕಿಂತ ದೊಡ್ಡ ಅದೃಷ್ಟ ಯಾರಿಗೆ ಬರುತ್ತದೆ? ಅವನ ಎದೆ ಉಬ್ಬಿತು.

ಬಸ್ಸಿನಿಂದ ಮೊದಲು ಇಳಿದವರು ಶಹಾಬುದ್ದೀನ್ ಸಾಹೇಬರು. ಮುಖ ಕೆಂಡ, ಗಂಟಲು ಬಿದ್ದು ಹೋಗಿತ್ತು. ತೌಸಿಫ್ ಹಾರ ಹಾಕಿ, ಅವರ ಕೈ ಹಿಡಿದು, ಅಂಗೈ ಹಿಂಬದಿಗೆ ನಯವಾಗಿ ಅತ್ತರು ಸವರಿದ. ಆ ವಾಸನೆಗೆ ಮುದುಕರ ಮುಖ ಸ್ವಲ್ಪ ಸಡಿಲವಾಯಿತು.

“ನೀನೇ ಏನಪ್ಪಾ ದೊಡ್ಡ ಅಳಿಯ? ನೋಡು, ಇಷ್ಟೊತ್ತಾದ್ರೂ ಬಾಗ್ಲು ಬಿಡದೆ ನಮಗೋಸ್ಕರ ನಿಂತಿದೀಯ. ಮನುಷ್ಯ ಅಂದ್ರೆ ನೀನು. ಆ ಹಿಂದಿನ ಮಾತೆಲ್ಲ ಮರೆತೆ ಹೋಗು.” ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. “ನಾವು ತಡವಾಗಿ ಹೊರಟ್ವಿ ಅಂತ ಮಾತ್ರ ತಿಳ್ಕೋಬೇಡಿ. ನಾಗಮಂಗಲ ಬೆಳಗ್ಗೇನೆ ಬಿಟ್ಟಿದ್ವಿ. ದಾರೀಲಿ ಒಂದು ಬೆಲ್ಲದ ಕಾರ್ಖಾನೆ, ರಸ್ತೆ ತುಂಬಾ ಕಬ್ಬಿನ ಗಾಡಿ! ಯಾವನೋ ಒಬ್ಬ ಗಧಾ, ಹಾಡಹಗಲಲ್ಲಿ ಕಂಪ್ಯೂಟರ್ ಕೆಡಿಸಿ ಕೂತವ್ನಂತೆ. ಚೀಟಿ ಬಂದು ಗಾಡಿ ಸರಿಯೋ ತನಕ ಮದುಮಗನ್ನ ಹೊತ್ತ ಬಸ್ಸು ಬಿಸಿಲಲ್ಲಿ ಬೇಯ್ತು!”

ಸುತ್ತ ಎರಡೂ ಕಡೆಯ ಬಂಧುಗಳು ನಿಂತಿದ್ದರು. ಅತ್ತೆ ನೋಡುತ್ತಿದ್ದರು. ಏನಾದರೂ ಹೇಳಬೇಕಿತ್ತು.

“ತೌಬಾ ತೌಬಾ” ಎಂದ ತೌಸಿಫ್. “ಅಂಥೋರ್ನೆಲ್ಲ ಕೆಲಸಕ್ಕೆ ಇಟ್ಕೋಬಾರ್ದು.”

“ಶಹಬ್ಬಾಸ್! ಅದನ್ನೇ ನಾನು ಬಂಪರ್ ಮೇಲೆ ಹತ್ತಿ ನಿಂತು ಅಲ್ಲಿ ಕೇಳಿದ್ದು. ಸುಮ್ನೆ ಮಾತಲ್ಲಿ ಹೇಳಿದ್ರೆ ಹೆಣ್ಣಿನೋರು ನಂಬ್ತಾರೋ ಇಲ್ವೋ ಅಂತ ಸಾಕ್ಷೀನೇ ಕರ್ಕಂಡ್ ಬಂದಿದೀನಿ. ಬನ್ನಿ ಗೌಡ್ರೇ, ಇಳೀರಿ. ತಪ್ಪು ಯಾರ್ದು ಅಂತ ಎಲ್ರ ಮುಂದೆ ನೀವೇ ಹೇಳ್ಬುಡಿ. ಆ ನಾಲಾಯಖ್‌ನ ನಾಳೆ ನನ್ ಮುಂದೆ ನಿಲ್ಲಿಸ್ತೀನಿ ಅಂತ ಮಾತು ಕೊಟ್ಟಿದೀರಿ, ಅದನ್ನೂ ಹೇಳಿ.”

ಬಸ್ಸಿನ ಮೆಟ್ಟಿಲಿನಲ್ಲಿ ಮೊದಲು ಒಂದು ಎಕ್ಕಡ ಕಾಣಿಸಿತು, ಆಮೇಲೆ ಎತ್ತಿಕಟ್ಟಿದ ಪಂಚೆ, ಆಮೇಲೆ ಮೀಸೆ. ಕರಿಯಪ್ಪ ಇಳಿದು, ಸುತ್ತ ಒಮ್ಮೆ ಕೈಮುಗಿದು, ಬಾಗಿಲ ಕಡೆ ತಿರುಗಿ ನೋಡಿದರು. ಜರಿ ಶಲ್ಯವನ್ನು ನೋಡಿದರು. ಅದರ ಮೇಲಿನ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು.

“ನಾಳೆ ಯಾಕ್ ಸಾಬ್ರೇ?” ಎಂದರು. “ನೀವು ಕೈ ಹಿಡ್ಕಂಡ್ ನಿಂತಿದೀರಲ್ಲ, ಅವ್ನೇ.”

ಶಹಾಬುದ್ದೀನ್ ಸಾಹೇಬರು ಕೈ ಬಿಡಲಿಲ್ಲ. ಹಿಡಿತ ಮಾತ್ರ ಬದಲಾಯಿತು.